ಕೂಪರ್ಸ್‌ಟೌನ್ ಬೇಸ್‌ಬಾಲ್ ಹಾಲ್ ಆಫ್ ಫೇಮ್: ಲೆಗ್‌ಸ್ಪಿನ್ನರ್ ಅಪ್ಪನ ಜೊತೆ ಒಂದು ದಿನ

ಐದಕ್ಕೆ ನಾಲ್ಕೂವರೆ ಸ್ಟಾರ್. ಆ ಅರ್ಧ ಕತ್ತರಿಸಿದ್ದು ನಾನಲ್ಲ, ನಮ್ಮಪ್ಪ. ಯಾಕೆ ಅಂತ ಮುಂದೆ ಬರುತ್ತೆ.

ಅಪ್ಪನಿಗೆ 77. ಹಾಸನದ ಕಾಲೇಜಿನಲ್ಲಿ ಓದುವಾಗ ಲೆಗ್‌ಸ್ಪಿನ್ ಹಾಕುತ್ತಿದ್ದವರು. ಆರು ತಿಂಗಳಿಗೆ ಅಂತ ನ್ಯೂಜೆರ್ಸಿಗೆ ನಮ್ಮ ಮನೆಗೆ ಬಂದಿದ್ದರು. ನನ್ನ ಮಗಳಿಗೆ ಹನ್ನೆರಡು, ಊರಿನ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಪ್ರತಿ ಶನಿವಾರ ಅಪ್ಪ ಮಡಚುವ ಕುರ್ಚಿ ಹಿಡಿದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಮೈದಾನಕ್ಕೆ ಬರೋರು. ಮೊದಲ ಶನಿವಾರವೇ ಅವರ ತೀರ್ಪು ಬಂತು: "ಏನೋ ಇದು, ಎಲ್ಲರೂ ಚಕ್ ಮಾಡ್ತಾರಲ್ಲೋ! ಅಂಪೈರ್ ನೋಬಾಲ್ ಕೊಡಲ್ವಾ?" ಇಲ್ಲಿ ಮೊಣಕೈ ಬಗ್ಗಿಸಿ ಎಸೆಯೋದೇ ಆಟ ಅಂತ ವಿವರಿಸಿದೆ. ಒಪ್ಪಲಿಲ್ಲ. ಮೂರನೇ ವಾರದ ಹೊತ್ತಿಗೆ ಸ್ವಲ್ಪ ಮೆತ್ತಗಾಗಿ, "ಹಿಂಗೆ ಎಸೆದರೆ ಕೈ ಏನಾಗುತ್ತೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಸಿಗುವ ಜಾಗಕ್ಕೇ, ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ, ಕರೆದುಕೊಂಡು ಹೋಗೋಣ ಅನ್ನಿಸಿತು. ನಾನೂ ಒಂದು ಕಾಲದಲ್ಲಿ ಮೀಡಿಯಂ ಪೇಸ್ ಹಾಕಿ ಭುಜ ಕಳೆದುಕೊಂಡವನು, ಇವತ್ತಿಗೂ ಬಲಗೈಯಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಲಾರೆ. ಹಾಗಾಗಿ ಸ್ವಾರ್ಥವೂ ಇತ್ತು.

ನಮ್ಮ ಮನೆಯಿಂದ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಡ್ರೈವ್. ರೈಲು ಇಲ್ಲ, ಕಾರೇ ಗತಿ. ಹಿಂದಿನ ರಾತ್ರಿ ಇಪ್ಪತ್ತು ಮೈಲಿ ಆಚೆ ಒಂದು ಮೋಟೆಲ್‌ನಲ್ಲಿ ಇಳಿದೆವು. ಹೆಸರು ಬೇಡ. ಫೋಟೋದಲ್ಲಿ ಕಂಡ ಕೋಣೆಗೂ ಸಿಕ್ಕ ಕೋಣೆಗೂ ಇದ್ದ ಸಂಬಂಧ ಪರದೆಯ ಬಣ್ಣ ಒಂದೇ. ಏಸಿ ರಾತ್ರಿಯಿಡೀ ರಾಗಿ ಮಿಲ್ಲಿನ ಹಾಗೆ ಗುರುಗುಟ್ಟಿತು, ಬೆಳಿಗ್ಗೆ ಬಿಸಿನೀರು ಅಪ್ಪನ ಸರದಿಗೆ ಮುಗಿದುಹೋಗಿತ್ತು. ಕೂಪರ್ಸ್‌ಟೌನಿಗೆ ಹೋಗುವವರು ರೂಮನ್ನು ತಿಂಗಳುಗಟ್ಟಲೆ ಮುಂಚೆ ನೋಡಿಕೊಳ್ಳಿ. ಎರಡು ಸಾವಿರ ಜನವೂ ಇಲ್ಲದ ಹಳ್ಳಿ ಅದು, ಬೇಸಿಗೆಯಲ್ಲಿ ಬರುವವರಿಗೆ ಜಾಗ ಎಲ್ಲಿಂದ ಬರಬೇಕು?

ಹಳ್ಳಿ ಮಾತ್ರ ಬಲು ಚೆಂದ. ಮುಖ್ಯ ಬೀದಿಯ ಎರಡೂ ಕಡೆ ಹಳೆಯ ಇಟ್ಟಿಗೆ ಕಟ್ಟಡಗಳು, ಅರ್ಧಕ್ಕರ್ಧ ಅಂಗಡಿಗಳಲ್ಲಿ ಬ್ಯಾಟು, ಟೋಪಿ, ಆಟಗಾರರ ಕಾರ್ಡು. ಬೀದಿಯಿಂದ ಇಳಿದರೆ ಒಟ್ಸೆಗೊ ಸರೋವರ. ಸಸ್ಕ್ವೆಹಾನಾ ನದಿ ಹುಟ್ಟುವುದು ಇಲ್ಲಿಂದಲೇ ಅಂದಾಗ ಅಪ್ಪ ಚಪ್ಪಲಿ ಬಿಟ್ಟು ನೀರಿಗೆ ಕೈಯಿಟ್ಟು ತಲೆಗೆ ಪ್ರೋಕ್ಷಣೆ ಮಾಡಿಕೊಂಡರು. "ತಲಕಾವೇರಿ ಇದ್ದಂಗೆ ಅಲ್ವಾ, ಅಭ್ಯಾಸ," ಅಂದರು. ಮಗಳು ಆಚೆ ಈಚೆ ನೋಡಿ ತಾನೂ ಎರಡು ಹನಿ ಹಾಕಿಕೊಂಡಳು.

ಬೇಸ್‌ಬಾಲ್ ಮ್ಯೂಸಿಯಂ ಈ ಮೂಲೆಗೆ ಯಾಕೆ ಬಂತು ಅನ್ನೋದೇ ಒಂದು ತಮಾಷೆ. 1839ರಲ್ಲಿ ಆಬ್ನರ್ ಡಬಲ್‌ಡೇ ಅನ್ನುವವರು ಇಲ್ಲೇ ಈ ಆಟ ಕಂಡುಹಿಡಿದರು ಅಂತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಸಮಿತಿ ಹೇಳಿಬಿಟ್ಟಿತು. ಅದು ಕಟ್ಟುಕತೆ ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಆ ಕತೆಯನ್ನು ನಂಬಿಯೇ 1939ರ ಜೂನ್ 12ರಂದು ಇಲ್ಲಿ ಮ್ಯೂಸಿಯಂ ತೆರೆದರು. ನಮ್ಮಲ್ಲಿ ಸ್ಥಳಪುರಾಣ ಇಲ್ಲದ ದೇವಸ್ಥಾನ ಎಲ್ಲಿದೆ? ಅಪ್ಪನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮ್ಯೂಸಿಯಂಗೆ ಮೂರು ಮಹಡಿ. ಲಿಫ್ಟ್ ಇದೆ, ಮಂಡಿನೋವಿನವರು ಹೆದರಬೇಕಾಗಿಲ್ಲ. ಪ್ರವೇಶದಲ್ಲಿ ಬೇಬ್ ರೂತ್ ಮತ್ತು ಟೆಡ್ ವಿಲಿಯಮ್ಸ್ ಅವರ ಮರದ ಪ್ರತಿಮೆಗಳು. ರೂತ್ ಅಂಗಿಯ ಸುಕ್ಕನ್ನು ಮರದಲ್ಲಿ ಕೆತ್ತಿರುವ ರೀತಿ ನೋಡಿ ಅಪ್ಪನ ಬಾಯಲ್ಲಿ ಬೇಲೂರಿನ ಹೆಸರು ಬಂತು, ಅದಕ್ಕಿಂತ ದೊಡ್ಡ ಪ್ರಶಂಸೆ ಅವರಲ್ಲಿ ಇಲ್ಲ. ಸಿಕ್ಸರ್ ರಾಜ ಅಂತ ಹೆಸರಾದ ರೂತ್ ಶುರುವಿನಲ್ಲಿ ಎಡಗೈ ಪಿಚರ್, 94 ಪಂದ್ಯ ಗೆದ್ದವರು ಅಂದೆ. "ಮತ್ತೆ ಬೌಲಿಂಗ್ ಯಾಕೆ ಬಿಟ್ಟ? ಮೈಗಳ್ಳ!" ಅಂದುಬಿಟ್ಟರು. ಕಣ್ಣೆದುರು ದೇವರ ಹಾಗೆ ನಿಂತಿರುವ ಪ್ರತಿಮೆ. ಪಕ್ಕದವರಿಗೆ ಕನ್ನಡ ಬರದಿದ್ದದ್ದು ನಮ್ಮ ಪುಣ್ಯ.

ನೋಡುವ ಕ್ರಮ ಎರಡನೇ ಮಹಡಿಯಿಂದ ಶುರು, ಆಮೇಲೆ ಮೂರನೆಯದು, ಕೊನೆಗೆ ಕೆಳಗೆ ಬಂದು ಫಲಕಗಳ ಗ್ಯಾಲರಿ. ಎರಡನೇ ಮಹಡಿಯಲ್ಲಿ ಮೂವತ್ತು ತಂಡಗಳಿಗೂ ಒಂದೊಂದು ಲಾಕರ್ ಇದೆ, ಒಳಗೆ ಈಚಿನ ಆಟಗಾರರ ಅಂಗಿ, ಬೂಟು, ಟೋಪಿ. ಮಗಳು ಅಲ್ಲೇ ಮುಕ್ಕಾಲು ಗಂಟೆ ಕಳೆದಳು. ನಾವಿಬ್ಬರೂ ಹಳೇ ಕಾಲದ ಕಡೆ ತಿರುಗಿದೆವು.

ಅಪ್ಪನಿಗೆ ತುಂಬಾ ಹಿಡಿಸಿದ್ದು ಉಗುಳಿನ ಕತೆ. ಚೆಂಡಿಗೆ ಉಗುಳು ಹಚ್ಚಿ ಎಸೆಯುವ ಸ್ಪಿಟ್‌ಬಾಲನ್ನು 1920ರಲ್ಲಿ ನಿಷೇಧಿಸಿದರು. ಆದರೆ ಆಗಲೇ ಅದರ ಮೇಲೆ ಹೊಟ್ಟೆ ಹೊರೆಯುತ್ತಿದ್ದ 17 ಪಿಚರ್‌ಗಳಿಗೆ ನಿವೃತ್ತಿಯಾಗುವ ತನಕ ಉಗುಳಲು ಅನುಮತಿ ಕೊಟ್ಟರು. ಅವರಲ್ಲಿ ಕೊನೆಯವರು ಬರ್ಲೀ ಗ್ರೈಮ್ಸ್, 1934ರವರೆಗೂ ಕಾನೂನುಬದ್ಧವಾಗಿ ಉಗುಳಿ, 1964ರಲ್ಲಿ ಇದೇ ಹಾಲ್ ಆಫ್ ಫೇಮ್ ಸೇರಿದರು. "ನೋಡು, ಮನುಷ್ಯತ್ವ ಅಂದ್ರೆ ಇದು. ನಮ್ಮ ಕ್ರಿಕೆಟ್‌ನೋರು ಕೊರೋನಾ ಬಂತು ಅಂತ ಒಂದೇ ಏಟಿಗೆ ಎಲ್ಲರ ಬಾಯಿ ಒಣಗಿಸಿಬಿಟ್ಟರು."

ಬೌಲರ್ ಮೇಲುಗೈಯಾದರೆ ಆಟದ ಯಜಮಾನರಿಗೆ ನಿದ್ದೆ ಬರಲ್ಲ ಅನ್ನೋದು ಎರಡೂ ಆಟಕ್ಕೆ ಸಮಾನ. 1968ರಲ್ಲಿ ಸೇಂಟ್ ಲೂಯಿಸ್ ತಂಡದ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್ಸಿಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ 1.12 ರನ್ ಮಾತ್ರ ಕೊಟ್ಟರು. ಮುಂದಿನ ವರ್ಷವೇ ಪಿಚರ್ ನಿಲ್ಲುವ ಮೌಂಡನ್ನು, ಅಂದರೆ ಮಣ್ಣಿನ ದಿಬ್ಬವನ್ನು, 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಐದಿಂಚು ಮಣ್ಣು ಕೆರೆದು ಹಾಕಿದ್ದು, ಅಷ್ಟೇ. ಅಪ್ಪ ಇದನ್ನು ಕೇಳಿ ನೆಲದಿಂದ ಗೇಣು ಲೆಕ್ಕದಲ್ಲಿ ಎತ್ತರ ಅಳೆದು ತೋರಿಸಿ, ಹತ್ತಿರ ನಿಂತಿದ್ದ ಮ್ಯೂಸಿಯಂ ಸಿಬ್ಬಂದಿಯ ಕಡೆ ನೋಡಿ ತಲೆಯಾಡಿಸಿದರು. ಅವರೂ ನಕ್ಕರು. ಇಲ್ಲಿಯ ಸಿಬ್ಬಂದಿ ಬಗ್ಗೆ ಒಂದು ಮಾತು: ಬಹುಪಾಲು ವಯಸ್ಸಾದವರು, ಪ್ರಶ್ನೆ ಕೇಳಿದರೆ ಬಿಡೋದೇ ಇಲ್ಲ. ಬಚ್ಚಲು ಎಲ್ಲಿ ಅಂತ ಕೇಳಿದ್ದಕ್ಕೆ ನನಗೆ ಹತ್ತು ನಿಮಿಷದ ಇತಿಹಾಸ ಸಿಕ್ಕಿತು.

ನೋ-ಹಿಟ್ಟರ್ ಪಂದ್ಯಗಳ ಚೆಂಡುಗಳನ್ನು ಸಾಲಾಗಿ ಇಟ್ಟಿದ್ದಾರೆ. ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪುವ ಅವಕಾಶ, ಕೊಡದೆ ಮುಗಿಸಿದ ಪಂದ್ಯ ಅದು. ಬಹಳಷ್ಟು ಒಳ್ಳೆಯ ಪಿಚರ್‌ಗಳಿಗೆ ಜೀವಮಾನದಲ್ಲಿ ಒಂದೂ ಸಿಗುವುದಿಲ್ಲ. ನೋಲನ್ ರಯನ್‌ಗೆ ಏಳು. 27 ಸೀಸನ್, 5,714 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡಿದ್ದು. ಜೊತೆಗೆ 2,795 ವಾಕ್ ಕೂಡ, ಅದೂ ದಾಖಲೆಯೇ. ಅಂದರೆ ನೇರವಾಗಿ ಹಾಕಲಾರದೆ ಬ್ಯಾಟರ್‌ಗಳನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿದ್ದು. ಬೆರಳು ಜಾರಿದರೂ ವೇಗ ಬಿಡದ ಮನುಷ್ಯ. 1993ರ ಸೆಪ್ಟೆಂಬರ್‌ನಲ್ಲಿ, 46ರ ವಯಸ್ಸಿನಲ್ಲಿ, ಸಿಯಾಟಲ್‌ನಲ್ಲಿ ಎಸೆಯುತ್ತಿದ್ದಾಗ ಮೊಣಕೈಯ ಅಸ್ಥಿರಜ್ಜು ಹರಿಯಿತು, ಅಲ್ಲಿಗೆ ಮುಗಿಯಿತು. ಗಾಜಿಗೆ ಮೂಗು ತಾಗಿಸಿ ಆ ಚೆಂಡುಗಳ ಕೆಂಪು ಹೊಲಿಗೆ ನೋಡಿದೆ. ಬೇಸ್‌ಬಾಲಿಗೆ 108 ಜೋಡಿ ಹೊಲಿಗೆ, ಎರಡು ಕುದುರೆ ಲಾಳ ಎದುರುಬದುರು ಇಟ್ಟ ಆಕಾರ. ಹೊಸ ಚೆಂಡಿನ ನುಣುಪು ಹೋಗಲಿ ಅಂತ ಪಂದ್ಯಕ್ಕೆ ಮುಂಚೆ ಡೆಲಾವೇರ್ ನದಿಯ ಕಡೆಯಿಂದ ತಂದ ಕೆಸರನ್ನು ಉಜ್ಜುತ್ತಾರೆ. ನಾವು ಪ್ಯಾಂಟಿಗೆ ಉಜ್ಜಿ ಹೊಳಪು ತರಿಸುತ್ತೇವೆ, ಇವರು ಕೆಸರು ಉಜ್ಜಿ ಹೊಳಪು ತೆಗೆಯುತ್ತಾರೆ.

ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗಿ ಬಂದೆವು. ಸಸ್ಯಾಹಾರಿಗಳು ಮನೆಯಿಂದ ತರುವುದು ಕ್ಷೇಮ. ಬೀದಿಯ ಒಂದು ಕಡೆ ವಿಚಾರಿಸಿದೆವು, "ವೆಜ್" ಅಂತ ತಂದುಕೊಟ್ಟ ಬನ್ನಿನೊಳಗೆ ಮೀನಿತ್ತು. ಸರೋವರದ ದಂಡೆಯ ಬೆಂಚಿನ ಮೇಲೆ ಡಬ್ಬಿಯ ಚಿತ್ರಾನ್ನ ತಿಂದು ಮತ್ತೆ ಒಳಗೆ ಬಂದೆವು.

ಈಗ ಆ ಅರ್ಧ ಸ್ಟಾರ್.

ಫಲಕಗಳ ಗ್ಯಾಲರಿ ಮ್ಯೂಸಿಯಂನ ಗರ್ಭಗುಡಿ ಅನ್ನಬಹುದು. ಎತ್ತರದ ಸೂರು, ಎರಡೂ ಕಡೆ ಕಂಬ, ಗೋಡೆಯ ಮೇಲೆ ಸಾಲುಸಾಲು ಕಂಚಿನ ಫಲಕ, ಸುಮಾರು 350. ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ. ಇಲ್ಲಿ ಫಲಕ ಸಿಗುವ ಮಾಮೂಲಿ ದಾರಿ ಇದು: ಹತ್ತು ವರ್ಷ ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಕಳೆದಿರಬೇಕು, ಪತ್ರಕರ್ತರ ಮತದಲ್ಲಿ ನೂರಕ್ಕೆ 75 ಬರಬೇಕು. ಪತ್ರಕರ್ತರ ಪೂರ್ತಿ ನೂರಕ್ಕೆ ನೂರು ಸಿಕ್ಕಿದ್ದು ಒಬ್ಬರಿಗೇ, ಅದೂ ಪಿಚರ್‌ಗೆ: 2019ರಲ್ಲಿ ಮರಿಯಾನೊ ರಿವೆರಾ, 425 ಮತಕ್ಕೆ 425. ಮ್ಯೂಸಿಯಂ ತೆರೆಯುವ ಮುಂಚೆಯೇ, 1936ರಲ್ಲಿ, ಆಯ್ಕೆಯಾದ ಮೊದಲ ಐವರಲ್ಲಿ ಇಬ್ಬರು ಪಿಚರ್‌ಗಳು, 417 ಪಂದ್ಯ ಗೆದ್ದ ವಾಲ್ಟರ್ ಜಾನ್ಸನ್ ಮತ್ತು 373 ಗೆದ್ದ ಕ್ರಿಸ್ಟಿ ಮ್ಯಾಥ್ಯೂಸನ್.

ಅಪ್ಪ ಕನ್ನಡಕ ಒರೆಸಿಕೊಂಡು ಒಂದು ಸುತ್ತು ಹಾಕಿ ಬಂದರು. "ಎಲ್ಲ ಬರೀ ಮುಖ," ಅಂದರು.

"ಹೂಂ, ಫಲಕ ಅಲ್ವಾ ಅಪ್ಪ. ಮುಖ, ಟೋಪಿ, ಕೆಳಗೆ ಹೆಸರು, ಸಾಧನೆ."

"ಬ್ಯಾಟ್ಸ್‌ಮನ್‌ಗೆ ಸರಿ ಕಣೋ. ಬೌಲರ್‌ದು ಕೈ ಬೇಡ್ವಾ?"

ನಾನು ಈ ಜಾಗಕ್ಕೆ ಮೂರು ಸಲ ಬಂದಿದ್ದೇನೆ. ಒಂದು ಸಲವೂ ಇದು ಹೊಳೆದಿರಲಿಲ್ಲ. ಆಮೇಲೆ ನಿಲ್ಲಿಸಲಾಗಲಿಲ್ಲ, ಪ್ರತಿ ಪಿಚರ್ ಮುಖದ ಕೆಳಗೂ ಇಲ್ಲದ ತೋಳನ್ನೇ ಹುಡುಕುತ್ತಾ ಹೋದೆವು. ನಾನು ಕತೆ ಹೇಳುವುದು, ಅಪ್ಪ ಕೈಯಲ್ಲಿ ಮಾಡಿ ನೋಡುವುದು.

ಮಾರ್ಡೆಕಾಯ್ ಬ್ರೌನ್. ಅಡ್ಡಹೆಸರು "ಮೂರು ಬೆರಳು". ಇಂಡಿಯಾನಾದ ಹಳ್ಳಿ ಹುಡುಗ, ಚಿಕ್ಕವನಿದ್ದಾಗ ಜಮೀನಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈಯ ತೋರುಬೆರಳು ಸಿಕ್ಕಿ ತುಂಡಾಯಿತು. ಅದು ಮಾಯುವ ಮುಂಚೆ ಬಿದ್ದು ಉಳಿದ ಬೆರಳು ಮುರಿದುಕೊಂಡ, ಅವು ಸೊಟ್ಟಗೇ ಕೂಡಿಕೊಂಡವು. ಆ ಸೊಟ್ಟ ಬೆರಳುಗಳೇ ಚೆಂಡಿಗೆ ಬೇರೆ ಯಾರೂ ಕೊಡಲಾಗದ ತಿರುವು ಕೊಟ್ಟವು. 239 ಗೆಲುವು, 1907 ಮತ್ತು 1908ರಲ್ಲಿ ಶಿಕಾಗೊ ಕಬ್ಸ್ ಜೊತೆ ಚಾಂಪಿಯನ್. ಅಪ್ಪ ಇಲ್ಲಿ ಬಹಳ ಹೊತ್ತು ನಿಂತರು. "ನಮ್ಮ ಚಂದ್ರ," ಅಂದರು. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ 242 ಟೆಸ್ಟ್ ವಿಕೆಟ್ ತೆಗೆದ ಬಿ.ಎಸ್. ಚಂದ್ರಶೇಖರ್. ಅಪ್ಪ ಬೆಂಗಳೂರಿನಲ್ಲಿ ಅವರ ಬೌಲಿಂಗನ್ನು ಸೈಡಿನಿಂದ ನೋಡಿದ್ದಾರೆ. ಆ ಕೈ ಚಾಟಿಯ ಹಾಗೆ ತಿರುಗುತ್ತಿತ್ತಂತೆ, ಗೂಗ್ಲಿ ಹೊರಟಿದ್ದು ಎಷ್ಟೋ ಸಲ ಕೀಪರ್‌ಗೂ ಗೊತ್ತಾಗುತ್ತಿರಲಿಲ್ಲವಂತೆ. ಗ್ಯಾಲರಿಯ ನಡುವೆ ಅಪ್ಪ ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದರೆ, ಹಿಂದಿನ ಇಬ್ಬರು ಮುದುಕರು ತಮ್ಮ ಕೈಯನ್ನೂ ತಿರುಗಿಸಿ ನೋಡಿಕೊಂಡರು.

ಕಾರ್ಲ್ ಹಬ್ಬೆಲ್. ಸ್ಕ್ರೂಬಾಲ್ ಎಸೆದವರು, ಮಣಿಕಟ್ಟನ್ನು ಮಾಮೂಲಿಗೆ ಉಲ್ಟಾ ತಿರುಗಿಸುವ ಚೆಂಡು ಅದು. 1934ರ ಆಲ್‌ಸ್ಟಾರ್ ಪಂದ್ಯದಲ್ಲಿ ಆ ಕಾಲದ ದೊಡ್ಡ ಬ್ಯಾಟರ್‌ಗಳಾದ ರೂತ್, ಗೆಹ್ರಿಗ್, ಫಾಕ್ಸ್, ಸಿಮನ್ಸ್, ಕ್ರೋನಿನ್ ಐವರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸ್ಟ್ರೈಕ್‌ಔಟ್ ಮಾಡಿದರು. ಅದೇ ಚೆಂಡು ಎಸೆದು ಎಸೆದು ಅವರ ಎಡಗೈ ಎಷ್ಟು ತಿರುಚಿಹೋಯಿತೆಂದರೆ, ಸುಮ್ಮನೆ ನಿಂತಾಗಲೂ ಅಂಗೈ ಹೊರಮುಖವಾಗಿ ನೇತಾಡುತ್ತಿತ್ತು. ಫಲಕದಲ್ಲಿ ಆ ಕೈ ಇಲ್ಲ.

ಸ್ಯಾಂಡಿ ಕೂಫ್ಯಾಕ್ಸ್. ನನ್ನ ಇಷ್ಟದವರು, ಹಾಗಾಗಿ ಇಲ್ಲಿ ಅಪ್ಪನಿಗೆ ಮಾತಾಡಲು ಬಿಡಲಿಲ್ಲ. ನಾಲ್ಕು ನೋ-ಹಿಟ್ಟರ್, ಅದರಲ್ಲಿ 1965ರದ್ದು ಒಬ್ಬ ಬ್ಯಾಟರೂ ಬೇಸ್ ಮುಟ್ಟದ ಪರ್ಫೆಕ್ಟ್ ಗೇಮ್. 1966ರಲ್ಲಿ 27 ಗೆಲುವು, ಸರಾಸರಿ 1.73. ಆ ಸೀಸನ್ ಮುಗಿದ ಕೂಡಲೇ, 30ನೇ ವಯಸ್ಸಿಗೆ, ನಿವೃತ್ತಿ. ಎಡ ಮೊಣಕೈಗೆ ಸಂಧಿವಾತ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ತಗೊಂಡು ಎಸೆಯುತ್ತಿದ್ದರು. 1972ರಲ್ಲಿ 36ರ ವಯಸ್ಸಿಗೇ ಇಲ್ಲಿಗೆ ಆಯ್ಕೆಯಾದರು, ಅಷ್ಟು ಚಿಕ್ಕ ವಯಸ್ಸಿನಲ್ಲಿ ಬೇರಾರೂ ಬಂದಿಲ್ಲ. ಅಪ್ಪ ಫಲಕದ ಮುಖವನ್ನೇ ನೋಡುತ್ತಾ, "ಉತ್ತುಂಗದಲ್ಲಿ ಬಿಟ್ಟ ಅಂತಾರೆ ಜನ. ಊಟಕ್ಕೆ ಕೈ ಬಾಯಿಗೆ ಹೋಗದಿದ್ರೆ ಉತ್ತುಂಗ ತಗೊಂಡು ಏನ್ ಮಾಡ್ತಾನೆ," ಅಂದರು. ನನ್ನ ಭುಜದ ಕಡೆ ನೋಡಲಿಲ್ಲ, ಆದರೆ ನೋಡಿದ ಹಾಗೇ ಆಯಿತು.

ಇಲ್ಲದ ಫಲಕವೊಂದನ್ನೂ ಹುಡುಕಿದೆವು: ಟಾಮಿ ಜಾನ್. 1974ರಲ್ಲಿ ಎಡ ಮೊಣಕೈಯ ಅಸ್ಥಿರಜ್ಜು ಹರಿದಾಗ ಅದುವರೆಗೆ ಯಾವ ಪಿಚರ್ ಕೂಡ ಹಾಗಾದ ಮೇಲೆ ವಾಪಸು ಬಂದಿರಲಿಲ್ಲ. ಡಾಕ್ಟರ್ ಫ್ರ್ಯಾಂಕ್ ಜೋಬ್ ಬಲಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಯಲ್ಲಿ ಹೆಣೆದರು. 1975 ಪೂರ್ತಿ ಹೋಯಿತು. 1976ರಲ್ಲಿ ಮರಳಿದ ಮನುಷ್ಯ 46 ವರ್ಷ ವಯಸ್ಸಿನ ತನಕ ಎಸೆದರು. ಒಟ್ಟು 288 ಗೆಲುವಿನಲ್ಲಿ 164 ಆಪರೇಷನ್ ಆದ ಮೇಲೆ ಬಂದದ್ದು! ಇವತ್ತು ನೂರಾರು ಪಿಚರ್‌ಗಳ ಮೊಣಕೈಯೊಳಗೆ ಅವರ ಹೆಸರಿನ ಆಪರೇಷನ್ ಇದೆ. ಡಾಕ್ಟರ್ ಜೋಬ್ ಅವರನ್ನು 2013ರಲ್ಲಿ ಇದೇ ಊರಿನಲ್ಲಿ ಗೌರವಿಸಿದರು. ನಾವು ಹೋದಾಗ ಟಾಮಿ ಜಾನ್ ಫಲಕ ಮಾತ್ರ ಗೋಡೆಯ ಮೇಲೆ ಇರಲಿಲ್ಲ. ಮತದಾರರ ಲೆಕ್ಕ ಮತದಾರರಿಗೆ. ಅಪ್ಪನ ಲೆಕ್ಕದಲ್ಲಿ, "ಅವನ ಮುಖ ಬೇಡ, ಆ ಮೊಣಕೈ ಒಂದನ್ನ ಕಂಚಲ್ಲಿ ಎರಕ ಹೊಯ್ದು ನೇತಾಕಿ."

ಇನ್ನು ಮನಸ್ಸಿಗೆ ಹಿತವಾದ ಕೈಗಳೂ ಇವೆ. ನಕಲ್‌ಬಾಲ್‌ನವರು ಚೆಂಡನ್ನು ಉಗುರಿನ ತುದಿಯಲ್ಲಿ ಹಿಡಿದು, ಹೆಚ್ಚು ತಿರುಗದಂತೆ ತಳ್ಳುತ್ತಾರೆ, ತೋಳಿಗೆ ಅಷ್ಟು ಏಟಿಲ್ಲ. ಫಿಲ್ ನೀಕ್ರೊ 48ರವರೆಗೆ ಎಸೆದು 318 ಗೆದ್ದರು. ಹಾಯ್ಟ್ ವಿಲ್ಹೆಮ್ ಯುದ್ಧದಲ್ಲಿ ಗಾಯಗೊಂಡು ಬಂದು, 29ಕ್ಕೆ ಮೊದಲ ಸೀಸನ್ ಆಡಿ, ಐವತ್ತರ ಹತ್ತಿರದ ತನಕ ಎಳೆದರು.

ಇವರೆಲ್ಲರ ನಡುವೆ ನಮ್ಮಪ್ಪನಿಂದ ಸೆಲ್ಯೂಟ್ ಹೊಡೆಸಿಕೊಂಡವರು ಸ್ಯಾಚೆಲ್ ಪೇಜ್. ಕಪ್ಪು ಜನರನ್ನು ಮೇಜರ್ ಲೀಗಿಗೆ ಸೇರಿಸದ ಕಾಲದಲ್ಲಿ ನೀಗ್ರೊ ಲೀಗುಗಳಲ್ಲಿ, ಊರೂರು ಸುತ್ತಿ, ಎರಡು ದಶಕ ಎಸೆದವರು. 1948ರಲ್ಲಿ 42ರ ವಯಸ್ಸಿಗೆ ಕ್ಲೀವ್‌ಲ್ಯಾಂಡ್ ತಂಡ ಕರೆಯಿತು, ಆ ವರ್ಷ ಆರು ಗೆದ್ದು ಒಂದು ಸೋತರು, ತಂಡ ಚಾಂಪಿಯನ್ ಆಯಿತು. 1965ರ ಸೆಪ್ಟೆಂಬರ್ 25ರಂದು, 59ರ ವಯಸ್ಸಿನಲ್ಲಿ, ಕಾನ್ಸಾಸ್ ಸಿಟಿಯಲ್ಲಿ ಕೊನೆಯ ಸಲ ಇಳಿದರು. ಟಿಕೆಟ್ ಮಾರಲು ಮಾಲೀಕರು ಮಾಡಿದ ತಮಾಷೆ: ತೂಗುಕುರ್ಚಿ ಹಾಕಿ ಕೂರಿಸಿ, ಪಕ್ಕದಲ್ಲಿ ಒಬ್ಬ ನರ್ಸ್ ನಿಲ್ಲಿಸಿದ್ದರು. ಎದ್ದು ಹೋದ ಮುದುಕ ಬಾಸ್ಟನ್‌ಗೆ ಮೂರು ಇನಿಂಗ್ಸ್‌ನಲ್ಲಿ ಕೊಟ್ಟದ್ದು ಒಂದು ಹಿಟ್, ಸೊನ್ನೆ ರನ್. 1971ರಲ್ಲಿ ಇಲ್ಲಿಗೆ ಸೇರಿಸುವಾಗಲೂ ಮೊದಲು ಬೇರೆ ವಿಭಾಗದಲ್ಲಿ ಇಡುತ್ತೇವೆ ಅಂದರಂತೆ. ಜನ ಛೀಮಾರಿ ಹಾಕಿದ ಮೇಲೆ ಎಲ್ಲರ ಜೊತೆ ಗೋಡೆ ಸಿಕ್ಕಿತು. ಇಲ್ಲಿ ಅಪ್ಪ ಏನೂ ಹೇಳಲಿಲ್ಲ. ಹಣೆಗೆ ಕೈ ಮುಟ್ಟಿಸಿ ಮುಂದೆ ಹೋದರು.

ಪೇಜ್ ತೋಳು ನೋಡಬೇಕೆಂದರೆ ಹೊರಗೆ ಹೋಗಬೇಕು. ಬಹಳ ಜನ ಗಿಫ್ಟ್ ಶಾಪ್ ಮುಗಿಸಿ ಹಾಗೇ ಕಾರಿಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಪಕ್ಕದ ಪ್ರತಿಮೆಗಳ ತೋಟಕ್ಕೆ ಹೋಗಿ. ಅಲ್ಲಿ ಪೇಜ್ ಇಡೀ ಮೈಯಲ್ಲಿ ನಿಂತಿದ್ದಾರೆ, ಎಸೆಯುವ ಭಂಗಿಯಲ್ಲಿ. ಇನ್ನೊಂದು ಕಡೆ ಜಾನಿ ಪಾಡ್ರೆಸ್ ಚೆಂಡು ಬಿಟ್ಟ ಭಂಗಿಯಲ್ಲಿ, ದೂರದಲ್ಲಿ ಕ್ಯಾಚರ್ ರಾಯ್ ಕ್ಯಾಂಪನೆಲ್ಲಾ ಕುಕ್ಕರಗಾಲಿನಲ್ಲಿ. ನಡುವೆ ಬರೀ ಹುಲ್ಲು, ಗಾಳಿ. 1893ರಿಂದ ಪಿಚಿಂಗ್ ದೂರ 60 ಅಡಿ 6 ಇಂಚು. ನಾನು ಹೆಜ್ಜೆ ಹಾಕಿ ಅಳೆದೆ, ನನ್ನ ಹೆಜ್ಜೆಯ ಲೆಕ್ಕಕ್ಕೆ ಅಷ್ಟೇ ಬಂತು. ನಮ್ಮ ಪಿಚ್ಚಿಗಿಂತ ಒಂದೆರಡು ಹೆಜ್ಜೆ ಕಡಿಮೆ. ಪಾಡ್ರೆಸ್ 1955ರ ಅಕ್ಟೋಬರ್ 4ರಂದು, 23 ತುಂಬಿ ನಾಲ್ಕು ದಿನಕ್ಕೆ, ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಯಾಂಕೀಸ್‌ಗೆ ಒಂದೂ ರನ್ ಕೊಡದೆ ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು 2-0ಯಿಂದ ಗೆಲ್ಲಿಸಿದರು. ಬ್ರೂಕ್ಲಿನ್ ಗೆದ್ದ ಒಂದೇ ಒಂದು ವರ್ಲ್ಡ್ ಸೀರೀಸ್ ಅದು. ಮುಂದೆ ಬೆನ್ನು ನೋವು, ಕೈ ನೋವು ಅಂತ ಒಟ್ಟು 148 ಗೆಲುವಿಗೆ ನಿಂತರು. ಒಳಗೆ ಅವರ ಫಲಕವಿಲ್ಲ, ಕ್ಯಾಂಪನೆಲ್ಲಾ ಅವರದ್ದಿದೆ. ಅಪ್ಪ ಪಾಡ್ರೆಸ್ ಹಿಂದೆ ಹೋಗಿ, ಕಂಚಿನ ಕೈಯನ್ನು ಮೊಣಕೈಯಿಂದ ಬೆರಳಿನವರೆಗೆ ಸವರಿದರು. ಮುಖದ ಕಡೆ ತಲೆಯೆತ್ತಲೇ ಇಲ್ಲ. "ಈ ತೋಟ ಒಳಗೆ ಇದ್ದಿದ್ರೆ ಐದಕ್ಕೆ ಐದು," ಅಂದರು.

ಉಳಿದದ್ದು ಬೇಗ ಹೇಳುತ್ತೇನೆ. ಕನಿಷ್ಠ ಐದು ಗಂಟೆ ಇಟ್ಟುಕೊಳ್ಳಿ, ಮತ್ತೆ ಬರಲು ನಾಲ್ಕು ಗಂಟೆ ಡ್ರೈವ್ ಮಾಡುವವರು ಕಡಿಮೆ. ಜುಲೈ ಕೊನೆಯ ಸೇರ್ಪಡೆ ಸಮಾರಂಭದ ವಾರಾಂತ್ಯ ಜನಜಂಗುಳಿ, ತಪ್ಪಿಸಿ. ಕಾರನ್ನು ಊರಾಚೆಯ ಜಾಗದಲ್ಲಿ ಬಿಟ್ಟು ಟ್ರಾಲಿ ಹತ್ತುವುದು ವಾಸಿ, ಮುಖ್ಯ ಬೀದಿಯಲ್ಲಿ ಜಾಗ ಹುಡುಕುತ್ತಾ ನಾನು ಮೂರು ಪ್ರದಕ್ಷಿಣೆ ಹಾಕಿದೆ. ಬೇಸ್‌ಬಾಲ್ ಗೊತ್ತಿಲ್ಲದವರೂ ಹೋಗಬಹುದು, ಆದರೆ ಜೊತೆಗೆ ಗೊತ್ತಿರುವವರೊಬ್ಬರು ಬೇಕು. ಇಲ್ಲದಿದ್ದರೆ ಬರೀ ಟೋಪಿ ನೋಡಿದ ಹಾಗಾಗುತ್ತೆ.

ಅಪ್ಪ ಅಲ್ಲಿ ಒಂದೇ ಒಂದು ಚೆಂಡು ಕೊಂಡರು. ದಾರಿಯುದ್ದಕ್ಕೂ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದರು, ಹೊಲಿಗೆ ಎಲ್ಲಿ ಸಿಗುತ್ತೆ ಅಂತ. ಮಾರನೇ ದಿನ ಸಂಜೆ ಹಿತ್ತಿಲಲ್ಲಿ ಮೊಮ್ಮಗಳಿಗೆ ಲೆಗ್‌ಬ್ರೇಕ್ ಹಾಕಲು ಶುರು ಮಾಡಿದರು. ಅವಳು ಗ್ಲೌಸ್ ಹಾಕಿಕೊಂಡು ಕೂತು ಹಿಡಿಯುವುದು, ಬಾಯಲ್ಲಿ ಎಣಿಸುವುದು. ಲಿಟಲ್ ಲೀಗಿನಲ್ಲಿ ಅವಳ ವಯಸ್ಸಿನವರಿಗೆ ದಿನಕ್ಕೆ 85 ಎಸೆತವೇ ಮಿತಿ, 20 ದಾಟಿದರೆ ಒಂದು ದಿನ ವಿಶ್ರಾಂತಿ ಕಡ್ಡಾಯ. 66 ಆದರೆ ನಾಲ್ಕು ದಿನ ಪಿಚ್ ಮಾಡಿಸುವುದಿಲ್ಲ. ಇದನ್ನು ಕೇಳಿ ಅಪ್ಪ ನಕ್ಕಿದ್ದರು, "ನಾವು ಬೆಳಿಗ್ಗೆಯಿಂದ ಸಂಜೆ ತನಕ ಹಾಕ್ತಿದ್ವಿ" ಅಂತ.

"ತಾತ, ಟ್ವೆಂಟಿ. ಸಾಕು."

"ಒಂದೇ ಒಂದು ಪುಟ್ಟಿ, ಗೂಗ್ಲಿ ತೋರಿಸ್ತೀನಿ."

"ಟ್ವೆಂಟಿ ಒನ್ ಆದ್ರೆ ನಾಳೆ ಪೂರ್ತಿ ರೆಸ್ಟ್. ರೂಲ್ ಅಂದ್ರೆ ರೂಲ್."

ಅಪ್ಪ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಚೆಂಡನ್ನು ಎರಡು ಸಲ ಕೈಯಿಂದ ಕೈಗೆ ಬದಲಾಯಿಸಿ, ಪಂಚೆ ಮೇಲೆ ಕಟ್ಟಿ, ಇಪ್ಪತ್ತೊಂದನೆಯದನ್ನೂ ಹಾಕಿಯೇಬಿಟ್ಟರು. ಮಾರನೇ ದಿನ ಚೆಂಡು ಅವಳ ಸ್ಕೂಲ್ ಬ್ಯಾಗಿನಲ್ಲಿತ್ತು.